ಕಾಡಂಚಿನ ಹೊಲ, ಪೊಳ್ಳುಮರ ಮತ್ತು ಮಂಗಟ್ಟೆ ಹಕ್ಕಿ

ಹಳಿಯಾಳ, ದಾಂಡೇಲಿ, ಜೊಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ರೈತರಲ್ಲಿ ಬಹಳ ಜನರ ಜಮೀನಿಗೆ ಒಂದು ಕಡೆಯಾದರೂ ಕಾಡಿನ ಗಡಿ ಇರುತ್ತದೆ. ಆ ಗಡಿ ದಾಟಿ ಬರುವ ಹಂದಿ, ಮಂಗ, ಜಿಂಕೆ, ಕಾಡುಕೋಣಗಳ ಕಾಟದ ಬಗ್ಗೆ ರೈತರು ಮಾತನಾಡುವಷ್ಟು, ಅದೇ ಗಡಿಯ ಮೇಲೆ ದಿನವೂ ಹಾರಿ ಹೋಗುವ ಹಕ್ಕಿಗಳ ಬಗ್ಗೆ ಮಾತನಾಡುವುದಿಲ್ಲ. ಇದು ಸಹಜ. ಹಂದಿ ಭತ್ತ ತಿನ್ನುತ್ತದೆ, ಹಕ್ಕಿ ತನ್ನ ಪಾಡಿಗೆ ತಾನು ಹೋಗುತ್ತದೆ. ಆದರೆ ಈ ಹಕ್ಕಿಗಳಲ್ಲಿ ಒಂದು ಗುಂಪಿನ ಉಳಿವು ಕಾಡಿನ ಒಳಗಿನ ಮರಗಳಷ್ಟೇ ನಮ್ಮ ಬದುವಿನ ಮೇಲೆ, ಬೆಟ್ಟದ ಅಂಚಿನಲ್ಲಿ, ಮಾಲ್ಕಿ ಜಮೀನಿನಲ್ಲಿ ನಿಂತಿರುವ ಹಳೆಯ ಮರಗಳನ್ನೂ ಅವಲಂಬಿಸಿದೆ. ಅದೇ ಮಂಗಟ್ಟೆ ಹಕ್ಕಿಗಳ ಗುಂಪು. ಇವುಗಳನ್ನು ಗುರುತಿಸುವುದು ಹೇಗೆ, ಗೂಡಿರುವ ಮರವನ್ನು ತಿಳಿಯುವುದು ಹೇಗೆ, ಜಮೀನಿನ ಕೆಲಸಕ್ಕೆ ತೊಂದರೆಯಾಗದಂತೆ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಭಾರತದಲ್ಲಿ ಒಂಬತ್ತು ಜಾತಿಯ ಮಂಗಟ್ಟೆಗಳಿವೆ. ಪಶ್ಚಿಮ ಘಟ್ಟದ ಸೀಮೆಯಲ್ಲಿರುವುದು ನಾಲ್ಕು. ಆ ನಾಲ್ಕನ್ನೂ ಕಾಳಿ ನದಿಯ ಆಸುಪಾಸಿನ ಈ ಪ್ರದೇಶದಲ್ಲಿಯೇ ನೋಡಬಹುದು. ಹೀಗೆ ನಾಲ್ಕೂ ಜಾತಿಗಳು ಹತ್ತಿರ ಹತ್ತಿರ ಸಿಗುವ ಸ್ಥಳಗಳು ಬಹಳ ಇಲ್ಲ. ಈ ಕಾರಣದಿಂದಲೇ ರಾಜ್ಯ ಸರ್ಕಾರವು 2011ರಲ್ಲಿ ದಾಂಡೇಲಿಯ ಬಳಿ 52.50 ಚದರ ಕಿ.ಮೀ. ಅರಣ್ಯವನ್ನು ಮಂಗಟ್ಟೆಗಳಿಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಹಾರ್ನ್‌ಬಿಲ್ ಎಂಬ ಇಂಗ್ಲಿಷ್ ಹೆಸರು ಈಗ ದಾಂಡೇಲಿಯ ಅಂಗಡಿ, ಹೋಟೆಲುಗಳ ಬೋರ್ಡಿನ ಮೇಲೂ ಕಾಣುತ್ತದೆ. ಹಕ್ಕಿಗೆ ಬೇಕಾದದ್ದು ಬೋರ್ಡಲ್ಲ, ಮರ.

ಒಂದು ತಪ್ಪು ಸಲಹೆ

ಬಹಳ ವರ್ಷಗಳ ಹಿಂದೆ ಈ ಲೇಖಕನು ವಿಸ್ತರಣಾ ಕಾರ್ಯಕರ್ತನಾಗಿ ಹಳಿಯಾಳ ತಾಲ್ಲೂಕಿನಲ್ಲಿ ತಿರುಗುತ್ತಿದ್ದಾಗ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಅವಶ್ಯ. ಒಬ್ಬ ರೈತರ ಗದ್ದೆಯ ಬದುವಿನಲ್ಲಿ ಮೂವರು ಕೈಹಿಡಿದರೂ ತಬ್ಬಲಾಗದಂಥ ತಾರೆ ಮರವೊಂದಿತ್ತು. ಅದರ ನೆರಳಿಗೆ ನಾಲ್ಕಾರು ಸಾಲು ಭತ್ತ ಸರಿಯಾಗಿ ತೆಂಡೆ ಒಡೆಯುತ್ತಿರಲಿಲ್ಲ. ಮರದ ಮೇಲ್ಭಾಗ ಒಣಗಿತ್ತು, ನಡುಭಾಗ ಪೊಳ್ಳಾಗಿತ್ತು. ಮೋಪಿಗೆ ಬಾರದ ಮರ, ಮಳೆಗಾಲದಲ್ಲಿ ಬಿದ್ದರೆ ಬದು ಒಡೆಯುತ್ತದೆ, ಅನುಮತಿ ಪಡೆದು ತೆಗೆಸಿಬಿಡಿ ಎಂದು ನಾನೇ ಸಲಹೆ ಕೊಟ್ಟೆ. ಅವರು ಅರ್ಜಿ ಹಾಕಿ ಅನುಮತಿ ಪಡೆದು ಮಾರ್ಚ್ ತಿಂಗಳಲ್ಲಿ ಮರ ಕಡಿಸಿದರು. ಮರುದಿನ ನಾನು ಆ ದಾರಿಯಲ್ಲಿ ಹೋದಾಗ ಕೂಗಿ ಕರೆದು, "ಸಾಹೇಬ್ರ, ಒಳಗ ಏನೋ ಜೀವ ಐತ್ರಿ" ಎಂದರು.

ಬಿದ್ದ ಮರದ ಪೊಟರೆಯ ಬಾಯಿಗೆ ಗಟ್ಟಿಯಾದ ಮೆತ್ತೆ ಇತ್ತು. ಅದನ್ನು ಒಡೆದು ನೋಡಿದಾಗ ಕಪ್ಪು ಬಿಳುಪು ಬಣ್ಣದ ದೊಡ್ಡ ಹೆಣ್ಣು ಹಕ್ಕಿಯೊಂದು ಸಿಕ್ಕಿತು. ಅದಕ್ಕೆ ರೆಕ್ಕೆಯ ಗರಿಗಳೂ ಇರಲಿಲ್ಲ, ಬಾಲದ ಗರಿಗಳೂ ಇರಲಿಲ್ಲ. ಯಾರೋ ಕಿತ್ತು ಹಾಕಿದಂತೆ ಕಾಣುತ್ತಿತ್ತು. ಪಕ್ಕದಲ್ಲಿ ಎರಡು ಮೊಟ್ಟೆ ಒಡೆದಿದ್ದವು. ಹಕ್ಕಿಯನ್ನು ಬುಟ್ಟಿಯಲ್ಲಿಟ್ಟು ಬಾಳೆಹಣ್ಣು ಕೊಟ್ಟರು, ಅದು ಎರಡನೆಯ ದಿನ ಸತ್ತಿತು. ಗಂಡು ಹಕ್ಕಿ ಮಾತ್ರ ಬೆಳಿಗ್ಗೆ ಬೆಳಿಗ್ಗೆ ಬಸರಿ ಹಣ್ಣು ತುಂಬಿಕೊಂಡು ಬಂದು, ಮರವಿದ್ದ ಜಾಗದ ಮೇಲೆ ಸುತ್ತು ಹಾಕಿ, ಪಕ್ಕದ ಮಾವಿನ ಮರದಲ್ಲಿ ಕುಳಿತು ಕೂಗುತ್ತಿತ್ತು. ಮೂರು ದಿನ ಬಂತೆಂದು ರೈತರು ಹೇಳಿದರು. ನನ್ನ ಮೇಲೆ ಅವರು ತಪ್ಪು ಹೊರಿಸಲಿಲ್ಲ. ಮುಂದಿನ ಮುಂಗಾರಿನಲ್ಲಿ ಆ ಸಾಲುಗಳ ಬೆಳೆ ಸುಧಾರಿಸಿತು ಎಂಬುದೂ ನಿಜ. ಲೆಕ್ಕ ಹಾಕಿದರೆ ಅದು ಎರಡು ಗುಂಟೆಯ ಮಾತು.

ಬೆಳೆಯ ತೆಂಡೆ ಎಣಿಸಲು ಕಲಿತಿದ್ದ ನನಗೆ ಪೊಟರೆಯ ಬಾಯಿ ನೋಡಲು ಬರುತ್ತಿರಲಿಲ್ಲ. ಅದನ್ನು ಕಲಿಯುವುದು ಕಷ್ಟವಲ್ಲ.

ಗೂಡು ಮಾಡುವ ಕ್ರಮ

ಮಂಗಟ್ಟೆ ಮರಕುಟಿಗದಂತೆ ತಾನೇ ಮರ ಕೊರೆಯಲಾರದು. ಕೊಂಬೆ ಮುರಿದ ಜಾಗದಲ್ಲಿ ನೀರಿಳಿದು ಕೊಳೆತೋ, ಮರಕುಟಿಗ ಮಾಡಿದ ತೂತು ವರ್ಷಾನುಗಟ್ಟಲೆ ದೊಡ್ಡದಾಗಿಯೋ ಆದ ಪೊಟರೆಯೇ ಅದಕ್ಕೆ ಬೇಕು. ನಾಲ್ಕಡಿ ಉದ್ದದ ಹಕ್ಕಿ ಒಳಗೆ ಕೂರುವಷ್ಟು ಪೊಟರೆ ಆಗಬೇಕಾದರೆ ಮರ ಬಹಳ ದಪ್ಪವಿರಬೇಕು, ಬಹಳ ಹಳೆಯದಿರಬೇಕು. ತಾರೆ, ಮತ್ತಿ, ನಂದಿ, ಮಾವು ಮೊದಲಾದ ಮರಗಳು ಇಂಥವು. ಇಂದು ನೆಟ್ಟ ಸಸಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಈ ಕೆಲಸಕ್ಕೆ ಬರುವುದು ಅನುಮಾನ. ಆದುದರಿಂದ ಇದ್ದ ಮರವನ್ನು ಉಳಿಸಿಕೊಳ್ಳುವುದಕ್ಕೆ ಬದಲಿ ದಾರಿ ಇಲ್ಲ.

ಜನವರಿ ಕೊನೆಯಿಂದ ಮಾರ್ಚ್ ತಿಂಗಳೊಳಗೆ ಹೆಣ್ಣು ಪೊಟರೆಯನ್ನು ಸೇರುತ್ತದೆ. ಸೇರಿದ ಮೇಲೆ ತನ್ನ ಹಿಕ್ಕೆ, ಹಣ್ಣಿನ ತಿರುಳು, ಮರದ ಪುಡಿಗಳನ್ನು ಕೊಕ್ಕಿನಿಂದ ಮೆತ್ತಿ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಗಂಡಿನ ಕೊಕ್ಕಿನ ತುದಿ ತೂರುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಹಾವು, ಉಡ, ಮಂಗ ಯಾವುದೂ ಒಳಗೆ ಹೋಗಲಾರದು. ಒಳಗೆ ಕುಳಿತ ಹೆಣ್ಣು ತನ್ನ ಹಾರುವ ಗರಿಗಳನ್ನು ಉದುರಿಸಿ ಹೊಸ ಗರಿ ಬೆಳೆಸಿಕೊಳ್ಳುತ್ತದೆ. ಹಳಿಯಾಳದ ಆ ಹಕ್ಕಿಗೆ ಗರಿ ಇಲ್ಲದಿದ್ದುದಕ್ಕೆ ಇದೇ ಕಾರಣ. ಈ ಅವಧಿಯಲ್ಲಿ ಮರ ಬಿದ್ದರೂ, ಬೆಂಕಿ ಹತ್ತಿದರೂ ಅದು ಹಾರಿ ಹೋಗಲಾರದು.

ಹೊರಗಿನ ದುಡಿಮೆಯೆಲ್ಲ ಗಂಡಿನದು. ಅದು ಹಣ್ಣುಗಳನ್ನು ಗಂಟಲ ಚೀಲದಲ್ಲಿ ತುಂಬಿಕೊಂಡು ಬಂದು, ಮರದ ತೊಗಟೆಗೆ ಆನಿಕೊಂಡು, ಒಂದೊಂದಾಗಿ ಹೊರತೆಗೆದು ಸೀಳಿನ ಮೂಲಕ ಕೊಡುತ್ತದೆ. ಮರಿ ಒಡೆದ ಮೇಲೆ ಓತಿಕೇತ, ದೊಡ್ಡ ಹುಳು, ಚಿಕ್ಕ ಹಕ್ಕಿಮರಿಗಳನ್ನೂ ತರುತ್ತದೆ. ದೊಡ್ಡ ಮಂಗಟ್ಟೆಯ ಗೂಡಿನ ಕಾಲ ಸುಮಾರು ನಾಲ್ಕು ತಿಂಗಳು, ಸಣ್ಣ ಜಾತಿಗಳದು ಮೂರು ತಿಂಗಳ ಆಸುಪಾಸು. ದೊಡ್ಡ ಮಂಗಟ್ಟೆಯಲ್ಲಿ ತಾಯಿ ಮೊದಲು ಹೊರಬರುತ್ತದೆ. ಪೊಟರೆಯ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ, ಮರಿ ಬಲಿಯುವ ತನಕ ತಂದೆ ತಾಯಿ ಇಬ್ಬರೂ ಉಣಿಸುತ್ತಾರೆ. ಈ ತಿಂಗಳುಗಳಲ್ಲಿ ಗಂಡನ್ನು ಒಬ್ಬ ಬೇಟೆಗಾರ ಹೊಡೆದರೆ ಸಾಯುವುದು ಒಂದು ಹಕ್ಕಿಯಲ್ಲ. ಮಂಗಟ್ಟೆಯ ಕೊಬ್ಬು ಕೀಲುನೋವಿಗೆ ಔಷಧಿ ಎಂಬ ನಂಬಿಕೆ ಕೆಲವರಲ್ಲಿದೆ. ಇದಕ್ಕೆ ಆಧಾರವಿಲ್ಲ, ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈ ಹಕ್ಕಿಯನ್ನು ಕೊಲ್ಲುವುದು ಅಪರಾಧ.

ಒಮ್ಮೆ ಒಪ್ಪಿದ ಪೊಟರೆಯನ್ನು ಜೋಡಿಯು ವರ್ಷ ವರ್ಷವೂ ಬಳಸುತ್ತದೆ. ಈ ಗುಣದಿಂದ ನಮಗೆ ಅನುಕೂಲವೂ ಇದೆ. ಒಂದು ಸಲ ಗುರುತಿಸಿದ ಮರವನ್ನು ಮುಂದಿನ ವರ್ಷ ಹುಡುಕಬೇಕಾಗಿಲ್ಲ.

ನಾಲ್ಕು ಜಾತಿಗಳ ಗುರುತು

ಈ ನಾಲ್ಕು ತಾಲ್ಲೂಕುಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಮಳೆ ಏರುತ್ತದೆ. ಮುಂಡಗೋಡದಲ್ಲಿ ಬಯಲುಸೀಮೆಯ ಸೆರಗು, ಕ್ಯಾಸಲ್‌ರಾಕ್ ಕಡೆ ವರ್ಷಕ್ಕೆ 5,000 ಮಿ.ಮೀ. ಮೀರಿ ಸುರಿಯುವ ಮಳೆ. ಮಳೆಯಂತೆ ಕಾಡು, ಕಾಡಿನಂತೆ ಮಂಗಟ್ಟೆ.

ಮುಂಡಗೋಡ ಮತ್ತು ಹಳಿಯಾಳದ ಪೂರ್ವ ಭಾಗದ ತೆಳುವಾದ ಕಾಡು, ಮಾವಿನ ತೋಪು, ಊರಿನ ಆಲದ ಮರಗಳಲ್ಲಿ ಕಾಣುವುದು ಬೂದು ಮಂಗಟ್ಟೆ. ಹದ್ದಿನಷ್ಟು ಗಾತ್ರ, ಉದ್ದ ಬಾಲ, ಕೊಕ್ಕಿನ ಮೇಲೆ ಚೂಪಾದ ಚಿಕ್ಕ ಕೊಂಬು. ಕೂಗು ಹದ್ದಿನ ಕೀರಲು ದನಿಯನ್ನು ಹೋಲುತ್ತದೆ. ಇದು ದೇಶದ ಬಹುಭಾಗದಲ್ಲಿದೆ, ಸದ್ಯಕ್ಕೆ ದೊಡ್ಡ ಅಪಾಯದಲ್ಲಿಲ್ಲ.

ದಾಂಡೇಲಿ ಮತ್ತು ಹಳಿಯಾಳದ ಕಾಳಿ ದಂಡೆಯ ಎಲೆಯುದುರುವ ಕಾಡಿನಲ್ಲಿ ಮಲಬಾರದ ಕಪ್ಪು ಬಿಳುಪು ಮಂಗಟ್ಟೆ ಇದೆ. ಬೆನ್ನು, ಕುತ್ತಿಗೆ ಕಪ್ಪು, ಹೊಟ್ಟೆ ಬಿಳಿ, ಬಾಲದ ಹೊರಗರಿಗಳು ಬಿಳಿ. ಹಳದಿ ಕೊಕ್ಕಿನ ಮೇಲೆ ಕಪ್ಪು ಬಣ್ಣವಿರುವ ದೊಡ್ಡ ಕೊಂಬು. ಗಂಡಿನ ಕಣ್ಣು ಕೆಂಪು, ಹೆಣ್ಣಿನ ಕಣ್ಣಿನ ಸುತ್ತ ತಿಳಿ ಬಣ್ಣದ ಚರ್ಮ. ದಾಂಡೇಲಿಯ ಹೆಸರು ಹಕ್ಕಿ ನೋಡುವವರ ಬಾಯಲ್ಲಿ ಬರುವುದು ಮುಖ್ಯವಾಗಿ ಇದರಿಂದ. ನಗರದ ಕಟ್ಟಿಗೆ ಡಿಪೋದ ಮರಗಳಲ್ಲಿಯೂ ನದಿಯ ದಂಡೆಯಲ್ಲಿಯೂ ಸಂಜೆ ಹೊತ್ತು ಇವು ಗುಂಪಾಗಿ ಬಂದು ಸೇರುವುದನ್ನು ನೋಡಬಹುದು. ಕಡಿದ ಮೋಪನ್ನು ಒಟ್ಟುವ ಜಾಗವೇ ನಿಂತ ಮರದ ಹಕ್ಕಿಗೆ ಆಸರೆಯಾದದ್ದು ಒಂದು ವಿಚಿತ್ರ.

ಜೊಯಿಡಾ ಕಡೆಯ ನಿತ್ಯಹಸಿರು ಕಾಡಿನಲ್ಲಿ ಎರಡು ಜಾತಿಗಳಿವೆ. ಮೊದಲನೆಯದು ಮಲಬಾರದ ಬೂದು ಮಂಗಟ್ಟೆ. ಸುಮಾರು ಒಂದೂವರೆ ಅಡಿಯ ಹಕ್ಕಿ, ಕೊಕ್ಕಿನ ಮೇಲೆ ಕೊಂಬೇ ಇಲ್ಲ. ಕಾಡಿನೊಳಗೆ ಯಾರೋ ಗಹಗಹಿಸಿ ನಕ್ಕಂತೆ ಕೇಳಿದರೆ ಅದು ಇದೇ. ಇದು ಪಶ್ಚಿಮ ಘಟ್ಟ ಬಿಟ್ಟು ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ. 2020ರಲ್ಲಿ ಇದನ್ನು ಅಪಾಯಕ್ಕೀಡಾಗಬಲ್ಲ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ದಿನವೂ ನಗು ಕೇಳುವ ಜೊಯಿಡಾದ ರೈತರಿಗೆ ಇದು ಅಪರೂಪದ ಹಕ್ಕಿ ಎಂದರೆ ನಂಬುವುದು ಕಷ್ಟ.

ಎರಡನೆಯದು ದೊಡ್ಡ ಮಂಗಟ್ಟೆ, ದಾಸ ಮಂಗಟ್ಟೆ ಎಂದೂ ಕರೆಯುತ್ತಾರೆ. ಮೂರರಿಂದ ನಾಲ್ಕು ಅಡಿ ಉದ್ದ, ರೆಕ್ಕೆ ಬಿಚ್ಚಿದರೆ ಐದಡಿಯಷ್ಟು ಅಗಲ. ಹಳದಿ ಕುತ್ತಿಗೆ, ಕಪ್ಪು ಮುಖ, ಬಿಳಿ ಬಾಲದ ನಡುವೆ ಕಪ್ಪು ಪಟ್ಟಿ, ನೆತ್ತಿಯ ಮೇಲೆ ದೋಣಿಯಂತಹ ಹಳದಿ ಕೊಂಬು. ಕೊಂಬು ನೋಡಲು ಭಾರ, ಒಳಗೆ ಬಹುಪಾಲು ಟೊಳ್ಳು. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಹಾರುವಾಗ ರೆಕ್ಕೆಯ ಸದ್ದು ಹಳೆಯ ಉಗಿಬಂಡಿ ದೂರದಿಂದ ಬಂದಂತೆ ಕೇಳುವುದರಿಂದ ಕಾಣುವ ಮೊದಲೇ ಗೊತ್ತಾಗುತ್ತದೆ. ಕೇರಳ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪಕ್ಷಿ ಇದೇ.

ಈ ಜಿಲ್ಲೆಯ ಹಕ್ಕಿಗಳನ್ನು ಬರೆದಿಟ್ಟ ಕೆಲಸ ಹೊಸದಲ್ಲ. ಉತ್ತರ ಕನ್ನಡವು ಮುಂಬಯಿ ಪ್ರಾಂತದಲ್ಲಿದ್ದಾಗ ಇಲ್ಲಿ ಕಲೆಕ್ಟರರಾಗಿದ್ದ ಡೇವಿಡ್‌ಸನ್ ಎಂಬವರು 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಜಿಲ್ಲೆಯ ಹಕ್ಕಿಗಳ ಬಗ್ಗೆ ದೀರ್ಘ ಲೇಖನ ಪ್ರಕಟಿಸಿದ್ದರು. ಅಂದಿನಿಂದ ಇಂದಿನವರೆಗೆ ಕಾಡು ಬಹಳ ಬದಲಾಗಿದೆ. ಹಳಿಯಾಳ, ಸೂಪಾ ಕಡೆಯ ಮಿಶ್ರ ಕಾಡನ್ನು ತೆಗೆದು ಸಾಗುವಾನಿ ನೆಡುತೋಪುಗಳನ್ನು ಮಾಡಲಾಯಿತು. ಸಾಗುವಾನಿಯಲ್ಲಿ ಮಂಗಟ್ಟೆಗೆ ಹಣ್ಣಿಲ್ಲ, ಸಾಲಿನಲ್ಲಿ ನೆಟ್ಟ ಎಳೆಯ ಮರದಲ್ಲಿ ಪೊಟರೆಯೂ ಇಲ್ಲ. 1987ರಲ್ಲಿ ಪೂರ್ಣಗೊಂಡ ಸೂಪಾ ಅಣೆಕಟ್ಟೆಯ ನೀರಿನಲ್ಲಿ ಸೂಪಾ ಊರೂ ಅದರ ಸುತ್ತಲಿನ ಕಾಡೂ ಮುಳುಗಿದವು. ಇನ್ನೊಂದು ಕಡೆ ರಕ್ಷಣೆಯೂ ಹೆಚ್ಚಿತು. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ಆದವು. 2007ರಲ್ಲಿ ಎರಡೂ ಸೇರಿ ಹುಲಿ ರಕ್ಷಿತ ಪ್ರದೇಶವಾಗಿ, ಈಗ ಕಾಳಿ ಹುಲಿ ರಕ್ಷಿತ ಪ್ರದೇಶವೆಂಬ ಹೆಸರಿದೆ. ಆದರೆ ಹಕ್ಕಿಗೆ ಸರಹದ್ದಿನ ಕಲ್ಲು ತಿಳಿಯುವುದಿಲ್ಲ. ಹಣ್ಣಿದ್ದ ಕಡೆ ಹಾರಿ ಬರುತ್ತದೆ, ಪೊಟರೆ ಇದ್ದಲ್ಲಿ ಗೂಡು ಮಾಡುತ್ತದೆ, ಅದು ಯಾರ ಸರ್ವೆ ನಂಬರಿನಲ್ಲಿದ್ದರೂ ಸರಿಯೇ.

ನೋಡುವ ವಿಧಾನ

ಮಂಗಟ್ಟೆ ನೋಡಲು ಕಾಡೆಲ್ಲ ಅಲೆಯಬೇಕಾಗಿಲ್ಲ. ಹಣ್ಣು ಬಿಟ್ಟ ಬಸರಿಯನ್ನೋ ಗೋಣಿಯನ್ನೋ ಅತ್ತಿಯನ್ನೋ ಹುಡುಕಿ, ಅದರಿಂದ ಸ್ವಲ್ಪ ದೂರದಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಸುಮ್ಮನೆ ಕುಳಿತರೆ ಸಾಕು. ಅವು ತಾವಾಗಿ ಬರುತ್ತವೆ. ಸಂಜೆ ನಾಲ್ಕರ ಮೇಲೆ ಇನ್ನೊಮ್ಮೆ ಬರುತ್ತವೆ. ಮಣ್ಣಿನ ಬಣ್ಣದ, ಎಲೆಯ ಬಣ್ಣದ ಬಟ್ಟೆ ಒಳ್ಳೆಯದು. ಹೊಲದ ಕೆಲಸದ ಹಳೆಯ ಬಟ್ಟೆಯೇ ಇದಕ್ಕೆ ತಕ್ಕದ್ದು. ದುರ್ಬೀನು ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಅಭಯಾರಣ್ಯ ಮತ್ತು ಹುಲಿ ರಕ್ಷಿತ ಪ್ರದೇಶದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಕೂಡದು. ನಮ್ಮ ಮಾತು ನಮ್ಮ ಹೊಲದ ಅಂಚಿಗೆ ಸಂಬಂಧಿಸಿದ್ದು.

ನೋಡಿದ್ದನ್ನು ಬರೆದಿಡುವುದು ಮುಖ್ಯ. ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಒಂದು ಪುಟ ಬಿಟ್ಟುಕೊಂಡು ತಾರೀಖು, ಹೊತ್ತು, ಯಾವ ಜಾತಿ, ಎಷ್ಟು, ಗಂಡೋ ಹೆಣ್ಣೋ, ಯಾವ ಮರದಲ್ಲಿ, ಏನು ತಿನ್ನುತ್ತಿತ್ತು ಎಂದು ಬರೆಯಬೇಕು. ಎರಡು ವರ್ಷ ಹೀಗೆ ಬರೆದರೆ ತನ್ನ ಊರಿನಲ್ಲಿ ಯಾವ ಮರ ಯಾವ ತಿಂಗಳು ಹಣ್ಣು ಬಿಡುತ್ತದೆ ಎಂಬ ಪಂಚಾಂಗವೇ ಸಿದ್ಧವಾಗುತ್ತದೆ. ಪೇಟೆಯಿಂದ ಬರುವ ಹಕ್ಕಿ ತಜ್ಞರಿಗೆ ಇಲ್ಲದ ಅನುಕೂಲ ಇದು. ಅವರು ಎರಡು ದಿನ ಇದ್ದು ಹೋಗುತ್ತಾರೆ, ರೈತ ಹನ್ನೆರಡು ತಿಂಗಳೂ ಅಲ್ಲೇ ಇರುತ್ತಾನೆ. ಶಾಲೆಗೆ ಹೋಗುವ ಮಕ್ಕಳಿಗೆ ಈ ಪುಸ್ತಕವನ್ನು ವಹಿಸಿದರೆ ಇನ್ನೂ ಚೆನ್ನ.

ಕೂಗಿನ ಧ್ವನಿಯನ್ನು ಮೊಬೈಲಿನಲ್ಲಿ ಹಾಕಿ ಹಕ್ಕಿಯನ್ನು ಕರೆಯುವ ರೂಢಿಯೊಂದು ಬಂದಿದೆ. ಇದನ್ನು ಬಿಡಬೇಕು. ಗೂಡಿನ ಕಾಲದಲ್ಲಿ ಎದುರಾಳಿ ಬಂದಿತೆಂದು ಗಂಡು ಹಣ್ಣು ತರುವ ಕೆಲಸ ಬಿಟ್ಟು ಹುಡುಕಾಡತೊಡಗುತ್ತದೆ.

ಮಂಗಟ್ಟೆಗಾಗಿ ಕುಳಿತವರಿಗೆ ಬೇರೆ ಹಕ್ಕಿಗಳೂ ಸಿಗುತ್ತವೆ. ಗಣೇಶಗುಡಿಯ ಸುತ್ತ ಕೆಂಪು ಎದೆಯ ಕಾಕರಣೆ ಹಕ್ಕಿ, ಒಣ ಎಲೆಯಂತೆ ಕೊಂಬೆಗೆ ಅಂಟಿ ಕೂರುವ ಕಪ್ಪೆಬಾಯಿ ಇವೆ. ಮುಂಡಗೋಡದವರು ದೂರ ಹೋಗಬೇಕಾಗಿಲ್ಲ. ಅವರ ಅತ್ತಿವೇರಿ ಜಲಾಶಯವು 1994ರಿಂದ ಪಕ್ಷಿಧಾಮವಾಗಿದ್ದು, ಚಮಚದ ಕೊಕ್ಕಿನ ಹಕ್ಕಿ, ಕೊಕ್ಕರೆ, ನೀರುಕಾಗೆಗಳನ್ನು ದಂಡೆಯಲ್ಲಿ ನಿಂತು ನೋಡಬಹುದು.

ಗೂಡಿರುವ ಮರದ ಪತ್ತೆ

ದೊಡ್ಡ ಮರ ಕಡಿಯಲು, ಕೊಂಬೆ ಸವರಲು ಇಲ್ಲವೆ ಬುಡದಲ್ಲಿ ತರಗು ಸುಡಲು ಹೊರಟವರು ಮೊದಲು ನೋಡಬೇಕಾದದ್ದು ಮರದ ಬುಡ. ಗೂಡಿನ ನೇರ ಕೆಳಗೆ ಹಿಕ್ಕೆಯ ಬಿಳಿ ಗುರುತು, ಹಣ್ಣಿನ ಬೀಜಗಳ ರಾಶಿ, ಉದುರಿದ ಗರಿ ಇರುತ್ತವೆ. ಹಳೆಯ ಗೂಡಾದರೆ ಆ ಜಾಗದಲ್ಲಿ ಬೇರೆಲ್ಲೂ ಇಲ್ಲದ ಹಲವು ಜಾತಿಯ ಸಸಿಗಳು ಒತ್ತೊತ್ತಾಗಿ ಹುಟ್ಟಿರುತ್ತವೆ. ಆಮೇಲೆ ಮೇಲೆ ನೋಡಿ. ಪೊಟರೆಯ ಬಾಯಿ ತೆರೆದಿದ್ದು ಅಂಚು ಸವೆದು ನುಣುಪಾಗಿದ್ದರೆ ಹಿಂದಿನ ವರ್ಷದ ಗೂಡಿರಬಹುದು. ಬಾಯಿಯನ್ನು ಮೆತ್ತಿ ಸೀಳು ಮಾತ್ರ ಉಳಿದಿದ್ದರೆ ಒಳಗೆ ಹೆಣ್ಣು ಇದೆ ಎಂದು ತಿಳಿಯಬೇಕು. ಅನುಮಾನವಿದ್ದರೆ 50 ಮೀಟರ್ ದೂರದ ಪೊದೆಯ ಮರೆಯಲ್ಲಿ ಬೆಳಿಗ್ಗೆ ಎರಡು ಮೂರು ತಾಸು ಕುಳಿತು ಗಂಡು ಬರುವುದೇ ಎಂದು ನೋಡಬೇಕು. ಅದು ಬಂದು ಪಕ್ಕದ ಮರದಲ್ಲೇ ಕುಳಿತು ಗೂಡಿಗೆ ಹೋಗಲು ಹಿಂಜರಿದರೆ ನಾವು ಬಹಳ ಹತ್ತಿರ ಇದ್ದೇವೆ ಎಂದರ್ಥ. ಕೂಡಲೆ ಹಿಂದೆ ಸರಿಯಬೇಕು. ಏಣಿ ಹಾಕಿ ನೋಡುವುದಂತೂ ಎಂದಿಗೂ ಕೂಡದು.

ಗೂಡು ಖಚಿತವಾದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಜನರ ಗುಂಪಿಗೆ ಹೇಳುವುದು ಬೇಡ. ಗೂಡಿನ ಫೋಟೋ ಸುದ್ದಿಯಾದರೆ ವಾರದೊಳಗೆ ಮರದ ಕೆಳಗೆ ಜೀಪುಗಳು ನಿಲ್ಲುತ್ತವೆ. ಮಾಲ್ಕಿ ಜಮೀನಿನ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೆಂಬುದು ರೈತರಿಗೆ ಗೊತ್ತಿದೆ. ಅರ್ಜಿಯ ಸ್ಥಳ ಪರಿಶೀಲನೆಗೆ ಬಂದವರಿಗೆ ಪೊಟರೆಯನ್ನು ತೋರಿಸುವುದು ಒಳ್ಳೆಯದು. ವಿಸ್ತರಣಾ ಕಾರ್ಯಕರ್ತರು ಮರ ತೆಗೆಯುವ ಸಲಹೆ ಕೊಡುವ ಮುನ್ನ ಬುಡ ನೋಡದೆ ಇರಬಾರದು.

ನೆರಳಿನ ಸಮಸ್ಯೆಗೆ ಬೇರೆ ಉಪಾಯವಿದೆ. ಗದ್ದೆಯ ಕಡೆಗೆ ಚಾಚಿದ ಕೆಳಗಿನ ಕೊಂಬೆಗಳನ್ನು ಮರಿ ಹಾರಿದ ಮೇಲೆ ಸವರಿದರೆ ಬೆಳಕು ಸಾಕಷ್ಟು ಬರುತ್ತದೆ. ನೆರಳು ಬೀಳುವ ಪಟ್ಟಿಯಲ್ಲಿ ಅರಿಸಿನ, ಕೆಸುವಿನ ಗಡ್ಡೆ, ಸುವರ್ಣಗಡ್ಡೆ ಹಾಕಬಹುದು. ಜೊಯಿಡಾದ ಕುಣಬಿ ಕುಟುಂಬಗಳು ಗಡ್ಡೆಗೆಣಸುಗಳನ್ನು ಬೆಳೆಯುವ ರೀತಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಡಗೋಡ, ಹಳಿಯಾಳದ ಕಡೆ ಶುಂಠಿಗೆ ಭೂಮಿಯನ್ನು ಗುತ್ತಿಗೆ ಕೊಡುವವರು, ಬದುವಿನ ದೊಡ್ಡ ಮರಗಳನ್ನು ಮುಟ್ಟತಕ್ಕದ್ದಲ್ಲ ಎಂಬ ಮಾತನ್ನು ಕರಾರು ಪತ್ರದಲ್ಲಿಯೇ ಬರೆಸಬೇಕು. ಬಾಯಿಮಾತು ಸಾಲದು. ಇನ್ನು ಬೆಂಕಿ. ಸಸಿಮಡಿಗಾಗಿ ಸೊಪ್ಪು ತರಗು ಸುಡುವ ಪದ್ಧತಿ ಇರುವಲ್ಲಿ, ಅದು ಗೂಡಿನ ಕಾಲದಲ್ಲಿಯೇ ಬೀಳುತ್ತದೆ. ಪೊಳ್ಳುಮರದ ಬುಡಕ್ಕೆ ಕಿಡಿ ತಾಗಿದರೆ ಮರವೇ ಹೊಗೆಗೂಡಾಗುತ್ತದೆ. ಬುಡದ ಸುತ್ತ ಆರು ಅಡಿ ತರಗನ್ನು ಗುಡಿಸಿ ತೆಗೆದು ಮಣ್ಣು ಕಾಣುವಂತೆ ಮಾಡಿದ ನಂತರವೇ ಸುಡಬೇಕು.

ರೈತನಿಗೆ ಏನು ಲಾಭ

ಈ ಪ್ರಶ್ನೆಯನ್ನು ರೈತರು ಕೇಳಿಯೇ ಕೇಳುತ್ತಾರೆ, ಕೇಳಬೇಕು. ಮಂಗಟ್ಟೆ ಬೆಳೆಯ ಕೀಟವನ್ನೆಲ್ಲ ತಿಂದು ಮುಗಿಸುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮನೆ ಹಿತ್ತಲಿನ ಪಪ್ಪಾಯಿಗೆ ಒಮ್ಮೊಮ್ಮೆ ಬಾಯಿ ಹಾಕುವುದೂ ಉಂಟು. ಅದರ ನಿಜವಾದ ಕೆಲಸ ಬೀಜ ಬಿತ್ತುವುದು.

ರಾಂಪತ್ರೆಯನ್ನು ನೋಡಿ. ಕಾಯಿ ಬಿರಿದಾಗ ಬೀಜದ ಸುತ್ತ ಕಾಣುವ ಕೆಂಪು ಪತ್ರೆಯನ್ನು ಕಾಡಂಚಿನ ಜನ ಆರಿಸಿ, ಒಣಗಿಸಿ ಮಾರುತ್ತಾರೆ. ಮಂಗಟ್ಟೆಗೂ ಬೇಕಾದದ್ದು ಅದೇ ಪತ್ರೆ. ಅದು ಬೀಜವನ್ನು ಇಡಿಯಾಗಿ ನುಂಗಿ, ಪತ್ರೆಯನ್ನು ಅರಗಿಸಿಕೊಂಡು, ಬೀಜವನ್ನು ತಾಯಿಮರದಿಂದ ದೂರ ಕಕ್ಕುತ್ತದೆ. ಇಷ್ಟು ದೊಡ್ಡ ಬೀಜವನ್ನು ನುಂಗಬಲ್ಲ ಹಕ್ಕಿಗಳು ಕಾಡಿನಲ್ಲಿ ಕೆಲವೇ. ರಾಳಧೂಪ, ಗುಳಮಾವು, ಕಾಡು ಜಾಯಿಕಾಯಿಗಳ ಬೀಜಗಳೂ ಹೀಗೆಯೇ ದೂರ ಹೋಗುತ್ತವೆ. ಗುಳಮಾವಿನ ತೊಗಟೆಯನ್ನು ಊದಿನಕಡ್ಡಿಯ ಅಂಟಿಗಾಗಿ ಸುಲಿದು ಎಷ್ಟೋ ಮರಗಳು ಒಣಗಿವೆ. ಅದರ ಹೊಸ ಸಸಿ ಬೇಕಾದರೆ ಬಿತ್ತುವವರು ಬೇಕು. ಕಾಸರಕದ ಹಣ್ಣನ್ನೂ ಕಪ್ಪು ಬಿಳುಪು ಮಂಗಟ್ಟೆ ತಿನ್ನುತ್ತದೆ, ನಮಗೆ ವಿಷವಾದ ಬೀಜ ಅದಕ್ಕೆ ತೊಂದರೆ ಮಾಡುವುದಿಲ್ಲ.

ರಾಂಪತ್ರೆ ಸಂಗ್ರಹಿಸುವವರಲ್ಲಿ ಒಂದು ವಿನಂತಿ. ಪೈಪೋಟಿಯಿಂದ ಬಲಿಯದ ಕಾಯಿಯನ್ನು ಕೊಂಬೆ ಸಮೇತ ಕಡಿದು ಇಳಿಸುವುದರಿಂದ ಪತ್ರೆಯ ಗುಣವೂ ಕೆಡುತ್ತದೆ, ಮುಂದಿನ ವರ್ಷದ ಫಸಲೂ ಹೋಗುತ್ತದೆ. ಬಿರಿದ ಕಾಯಿಯನ್ನು ಮಾತ್ರ ಆರಿಸಬೇಕು. ಕೈಗೆ ಸಿಗದ ನೆತ್ತಿಯ ಕೊಂಬೆಗಳನ್ನು ಹಕ್ಕಿಗೆ ಬಿಡಬೇಕು.

ಹಣದ ಲಾಭವೂ ಇಲ್ಲದಿಲ್ಲ. ಗಣೇಶಗುಡಿ, ದಾಂಡೇಲಿಗಳಿಗೆ ಹಕ್ಕಿ ನೋಡಲೆಂದೇ ಜನ ಬರುತ್ತಾರೆ. ಗಣೇಶಗುಡಿಯ ಹಳೆಯ ಮದ್ದಿನಮನೆಯ ಶಿಬಿರದಲ್ಲಿ ಹಕ್ಕಿಗಳಿಗೆಂದು ನೀರಿನ ಚಿಕ್ಕ ಕುಣಿಗಳನ್ನು ಮಾಡಿಟ್ಟಿದ್ದಾರೆ, ಬೇಸಿಗೆಯಲ್ಲಿ ಅಲ್ಲಿ ಕುಳಿತು ನೋಡುವುದೇ ಒಂದು ಆಕರ್ಷಣೆಯಾಗಿದೆ. ಹಕ್ಕಿಯ ಹೆಸರು, ಮರದ ಹೆಸರು, ಕೂಗು ತಿಳಿದ ಸ್ಥಳೀಯ ಯುವಕರಿಗೆ ಮಾರ್ಗದರ್ಶಿಯಾಗಿ ದುಡಿಯುವ ಅವಕಾಶವಿದೆ. ಆದರೆ ಇದು ಎಲ್ಲ ಊರಿಗೂ ಬರುವ ಆದಾಯವಲ್ಲ. ಇದನ್ನು ನಂಬಿ ಸಾಲ ಮಾಡಿ ಕೋಣೆ ಕಟ್ಟಿಸುವ ಮೊದಲು ಎರಡು ಸಲ ಯೋಚಿಸುವುದು ಲೇಸು.

ಬೇರೆ ಕಡೆ ಹಳ್ಳಿಯವರೇ ಗೂಡು ಕಾಯ್ದ ಉದಾಹರಣೆಗಳಿವೆ. ಥೈಲ್ಯಾಂಡಿನಲ್ಲಿ 1978ರಿಂದ ಮಂಗಟ್ಟೆಗಳ ಅಧ್ಯಯನ ನಡೆಸಿದ ಪಿಲಾಯ್ ಪೂನ್‌ಸ್ವಾದ್ ಎಂಬ ಮಹಿಳಾ ವಿಜ್ಞಾನಿ, ದಕ್ಷಿಣದ ಬುಡೊ ಬೆಟ್ಟಗಳಲ್ಲಿ ಹಿಂದೆ ಮರಿ ಕದಿಯುತ್ತಿದ್ದ ಹಳ್ಳಿಗರನ್ನೇ ಗೂಡಿನ ಕಾವಲಿಗೆ ಹಚ್ಚಿದರು. ನಮ್ಮ ದೇಶದ ಅರುಣಾಚಲದ ಪಕ್ಕೆ ಅರಣ್ಯದ ಅಂಚಿನಲ್ಲಿ ನ್ಯಿಶಿ ಜನರು, ಅರಣ್ಯ ಇಲಾಖೆ ಮತ್ತು ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸೇರಿ, ಒಂದೊಂದು ಗೂಡಿನ ಖರ್ಚನ್ನು ದೂರದ ಊರಿನವರು ದತ್ತು ತೆಗೆದುಕೊಳ್ಳುವಂತೆ ಏರ್ಪಾಡು ಮಾಡಿದ್ದಾರೆ. ಗೂಡು ಕಾಯುವವರಿಗೆ ಸಂಬಳ ದೊರೆಯುತ್ತದೆ. ನಮ್ಮ ತಾಲ್ಲೂಕುಗಳ ಗ್ರಾಮ ಅರಣ್ಯ ಸಮಿತಿಗಳು ಈ ವಿಷಯವನ್ನು ಸಭೆಯಲ್ಲಿಟ್ಟು ಚರ್ಚಿಸಬಹುದು.

ಬಸರಿ, ಗೋಣಿಯ ಗೂಟ ನೆಡುವುದು

ಪೊಟರೆಯ ಮರವನ್ನು ಮಾಡಲಾಗದಿದ್ದರೂ ಹಣ್ಣಿನ ಮರವನ್ನು ಮಾಡಬಹುದು. ಕಾಡಿನ ಇತರ ಮರಗಳಿಗೆ ಹಣ್ಣಿನ ಒಂದು ಹಂಗಾಮು ಇರುತ್ತದೆ. ಆಲ, ಬಸರಿ, ಗೋಣಿ, ಅತ್ತಿಗಳ ಕ್ರಮ ಬೇರೆ. ಒಂದು ಮರ ಈ ತಿಂಗಳು, ಇನ್ನೊಂದು ಮುಂದಿನ ತಿಂಗಳು ಎಂದು ವರ್ಷದ ಯಾವ ಕಾಲದಲ್ಲಾದರೂ ಎಲ್ಲಾದರೂ ಒಂದು ಮರ ಹಣ್ಣಾಗಿರುತ್ತದೆ. ಈ ಮರಗಳ ಕಾಯಿಯೊಳಗೆ ಹುಟ್ಟಿ ಬೆಳೆಯುವ ಸೂಕ್ಷ್ಮ ಕಣಜಗಳೇ ಪರಾಗಸ್ಪರ್ಶ ಮಾಡುವುದರಿಂದ, ಕಣಜ ಬದುಕಬೇಕಾದರೆ ಕಾಯಿ ಎಲ್ಲಾದರೂ ಇರಲೇಬೇಕು. ಬೇರೆ ಹಣ್ಣಿಲ್ಲದ ದಿನಗಳಲ್ಲಿ ಮಂಗಟ್ಟೆಯನ್ನು ಸಾಕುವುದು ಇವೇ ಮರಗಳು.

ಬಸರಿ, ಆಲ, ಗೋಣಿಗಳು ದೊಡ್ಡ ಕೊಂಬೆಯ ಗೂಟದಿಂದಲೇ ಚಿಗುರುತ್ತವೆ. ಹಿಂದಿನವರು ಸಾಲುಮರಗಳನ್ನು ಮಾಡಿದ್ದೂ ಹೀಗೆಯೇ. ಮುಂಗಾರು ಹಿಡಿದ ಕೂಡಲೆ ತೋಳಿನ ದಪ್ಪದ, ಆರರಿಂದ ಎಂಟು ಅಡಿ ಉದ್ದದ ನೇರ ಕೊಂಬೆಯನ್ನು ಆರಿಸಿ, ತೊಗಟೆ ಸೀಳದಂತೆ ಕಡಿದು, ಎಲೆಗಳನ್ನು ಸವರಬೇಕು. ಮೇಲಿನ ಕಡಿತಕ್ಕೆ ಸಗಣಿ ಮತ್ತು ಕೆಮ್ಮಣ್ಣು ಕಲಸಿ ಮೆತ್ತಬೇಕು. ಎರಡಡಿ ಆಳಕ್ಕೆ ನೆಟ್ಟು ಮಣ್ಣನ್ನು ಗಟ್ಟಿಯಾಗಿ ತುಳಿದು, ಗಾಳಿಗೆ ಅಲುಗಾಡದಂತೆ ಆಧಾರ ಕಟ್ಟಬೇಕು. ದನ ಮೇಕೆಗಳಿಗೆ ಚಿಗುರು ಸಿಗದಂತೆ ಉದ್ದದ ಗೂಟವನ್ನೇ ಆರಿಸುವುದು ಇದರ ಗುಟ್ಟು. ಅತ್ತಿಯನ್ನು ಬೀಜದ ಸಸಿಯಿಂದ ಬೆಳೆಸುವುದು ಸುಲಭ, ಹಳ್ಳದ ದಂಡೆ ಅದಕ್ಕೆ ಒಳ್ಳೆಯ ಜಾಗ.

ಬಾವಿ, ಮನೆ, ಕಾಲುವೆ, ಅಡಿಕೆ ತೋಟಗಳ ಹತ್ತಿರ ಇವನ್ನು ನೆಡಬಾರದು. ಬೇರುಗಳು ಬಾವಿಯ ಕಲ್ಲುಕಟ್ಟಣೆಯನ್ನೂ ಸೀಳುತ್ತವೆ. ಹೊಲದ ಉತ್ತರದ ಬದುವಿನ ಮೂಲೆ, ಗೋಮಾಳದ ಅಂಚು, ಬೆಟ್ಟದ ತೆರಪು ಸೂಕ್ತ. ಉತ್ತರಕ್ಕಿದ್ದರೆ ಹಿಂಗಾರಿನಲ್ಲಿ ನೆರಳು ಹೊಲದ ಆಚೆ ಬೀಳುತ್ತದೆ. ಒಂದು ಊರಿಗೆ ಹತ್ತು ಹದಿನೈದು ಗೂಟ ಬದುಕಿದರೂ ಸಾಕು.

ಹಳಿಯಾಳದ ಆ ರೈತರು ತಾರೆ ಮರದ ಬೊಡ್ಡೆಯಿದ್ದ ಜಾಗದಿಂದ ಸ್ವಲ್ಪ ಮೇಲೆ, ಗೋಮಾಳದ ಕಡೆ, ಮೂರು ಬಸರಿ ಗೂಟ ನೆಟ್ಟರು. ಒಂದು ಒಣಗಿತು, ಒಂದನ್ನು ಎಮ್ಮೆ ಮುರಿಯಿತು. ಉಳಿದ ಒಂದು ಈಗ ದೊಡ್ಡ ಮರವಾಗಿದೆ. ಕಳೆದ ಸಲ ಅಲ್ಲಿಗೆ ಹೋದಾಗ ಅದರಲ್ಲಿ ಐದು ಕಪ್ಪು ಬಿಳುಪು ಮಂಗಟ್ಟೆಗಳು ಹಣ್ಣು ತಿನ್ನುತ್ತಿದ್ದವು. ಅವು ಗೂಡು ಮಾಡುವುದು ಎಲ್ಲಿ ಎಂದು ಕೇಳಿದ್ದಕ್ಕೆ ರೈತರ ಮಗ ನದಿಯ ಆಚೆಯ ಕಾಡಿನ ಕಡೆ ಕೈ ತೋರಿಸಿದರು.

ಈ ವರ್ಷ ಗೂಟ ನೆಡಬೇಕೆನ್ನುವವರು ಮೇ ಕೊನೆಯೊಳಗೆ ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು. ಮೊದಲ ಎರಡು ಹದ ಮಳೆ ಆದ ಮೇಲೆಯೇ ಕೊಂಬೆ ಕಡಿಯಬೇಕು. ಕಡಿದ ದಿನವೇ ನೆಡಬೇಕು.